ಚಕ್ಕುಬಂದಿ

ಈಗ ಕಬ್ಬಿಣದ ಸರಪಳಿ ಇಲ್ಲ, ಟೇಪು ತಂದಿದ್ದೇನೆ.
ಸರ್ವೆ ನಂಬರ್ ನಲವತ್ತೇಳು, ಗೋಮಾಳದ ಅಂಚು,
ಅರಸೀಕೆರೆಯಿಂದ ಹದಿನೆಂಟು ಕಿಲೋಮೀಟರು,
ಕೊನೆಯ ಮೂರು ಬರೀ ಧೂಳು.
ನಕ್ಷೆಯಲ್ಲಿ ಇಲ್ಲೊಂದು ಕೇರಿಯೇ ಇಲ್ಲ.
ನೆಲದ ಮೇಲೂ ಈಗ ಇಲ್ಲ.
ನಕ್ಷೆಗೂ ನೆಲಕ್ಕೂ ಇಷ್ಟು ಸರಿಯಾಗಿ ತಾಳೆ ಬಿದ್ದದ್ದು
ಹನ್ನೊಂದು ವರ್ಷದ ನೌಕರಿಯಲ್ಲಿ ಇದೇ ಮೊದಲು.

ನಲ್ಲಿಯ ಹತ್ತಿರ ಎದ್ದ ಒಂದು ಮಾತು,
ಇರುಳಿಗೆ ಹತ್ತೊಂಬತ್ತು ಮನೆ.
ಕಟ್ಟಿಕೊಡಲು ದುಡ್ಡು ಮಂಜೂರಾಗಿದೆ,
ಆದೇಶದ ಪ್ರತಿ ನನ್ನ ಜೇಬಲ್ಲೇ ಇದೆ:
ಹಕ್ಕುಪತ್ರ ಉಳ್ಳವರಿಗೆ.

ಆರು ಜನರ ಹಕ್ಕುಪತ್ರ ಟ್ರಂಕಿನಲ್ಲಿತ್ತು,
ಟ್ರಂಕು ಮನೆಯಲ್ಲಿತ್ತು.
ಮಿಕ್ಕವರದು ಇನ್ನೂ ಅರ್ಜಿಯಾಗಿಯೇ ಇತ್ತು,
ಅರ್ಜಿ ತಾಲ್ಲೂಕು ಕಚೇರಿಯಲ್ಲಿ.
ಅದು ಸುಟ್ಟಿಲ್ಲ.
ಸಿಕ್ಕುತ್ತಲೂ ಇಲ್ಲ.

ಸಣ್ಣಹೊನ್ನಮ್ಮ ಬರಿಗಾಲಲ್ಲಿ ನಡೆದು ನಿಂತಳು.
‘ಇದು ಒಲೆ’ ಅಂದಳು.
ಒಲೆಗೆ ಕಾಲಂ ಇಲ್ಲವ್ವ, ಗೋಡೆ ತೋರಿಸು ಅಂದೆ.
ಅವಳು ಬೂದಿಯಲ್ಲೇ ಕುಕ್ಕರಗಾಲಲ್ಲಿ ಕೂತಳು,
ಸಾರಿಗೆ ಕುದಿ ಬರಲಿ ಎಂದು ಕಾಯುವವಳ ಹಾಗೆ,
ಕತ್ತು ತಿರುಗಿಸದೆ ಬಲಗೈ ಚಾಚಿದಳು.
‘ಇಲ್ಲಿ ಉಪ್ಪಿನ ಮಡಕೆ. ಅದರಾಚೆ ಗ್ವಾಡೆ.’
ಟೇಪು ಹಿಡಿದೆ ಅವಳ ತೋಳಿನುದ್ದ:
ಎರಡು ಅಡಿ, ಒಂದು ಇಂಚು.
ದಾಖಲೆ ಇಲ್ಲಿಂದ ಶುರುವಾಯಿತು.

ಯಾರ ಹೆಸರಿಗೆ?
ತೀರಿಕೊಂಡ ಹಾಲಪ್ಪನ ಹೆಸರಿಗೆ ಅಂತ
ಪಂಚಾಯ್ತಿಯವರು ಹೇಳಿಕೊಟ್ಟಿದ್ದಾರೆ.
‘ಹೆಸರು ಅವಂದು ಹೌದು ಸಾ,
ಮಣ್ಣು ತುಳಿದಿದ್ದು ಈ ಕಾಲು.’
ಕಾಲಂ ಇಕ್ಕಟ್ಟು. ಸಣ್ಣಕ್ಷರದಲ್ಲಿ ಎರಡೂ ಬರೆದೆ,
ಅವಳದು ಮೊದಲು.

ಪೂರ್ವಕ್ಕೆ: ಈರಜ್ಜಿಯ ಮನೆ.
(ಅಂದರೆ ಈರಜ್ಜಿಯ ಬೂದಿ. ಹಾಗೆ ಬರೆಯುವಂತಿಲ್ಲ.)
ಉತ್ತರಕ್ಕೆ ಓಣಿ. ದಕ್ಷಿಣಕ್ಕೆ ಹುಣಸೆಮರ,
ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲಲ್ಲಿ ಚಿಗುರು.
ಪಶ್ಚಿಮಕ್ಕೆ
ತೋಟದ ಕೆಂಚಪ್ಪ.

ಬಾಜೂದಾರರ ಸಹಿ ಇಲ್ಲದೆ ಮಹಜರು ನಿಲ್ಲುವುದಿಲ್ಲ.
ಜಾಮೀನಿನ ಮೇಲೆ ಬಂದಿದ್ದಾನೆ, ಇಸ್ತ್ರಿ ಅಂಗಿ,
ತೆಂಗಿನ ನೆರಳು ಬಿಟ್ಟು ಬದು ದಾಟಲಿಲ್ಲ.
ಇಲ್ಲಿ ಮನೆ ಇತ್ತು ಅಂತ ಹೇಳಬೇಕಾದವನು ಅವನು.
ಇರಲಿಲ್ಲ ಅಂದರೆ ನೆಲ ಗೋಮಾಳವೇ,
ಗೋಮಾಳ ಅಂದರೆ ನಾಳೆಯ ಬೇಲಿ ಯಾರದು
ಅಂತ ಕೇರಿಗೆ ಗೊತ್ತು.

ಕೇಳಿದೆ: ಬಾಗಿಲು ಯಾವ ಕಡೆಗಿತ್ತು?
ಪಂಚಾಯ್ತಿ ಪುಸ್ತಕ ಉತ್ತರ ಅನ್ನುತ್ತೆ.
ಯೋಚನೆ ಮಾಡಲೇ ಇಲ್ಲ ಅವನು.
‘ಉತ್ತರ ಅಲ್ಲ, ಮೂಡಲಿಗೆ.
ಹೊರಚಿಲಕ ಎಡಕ್ಕಿತ್ತು.’

ಚಿಲಕದ ಮಾತು ನಾನು ಎತ್ತಿರಲಿಲ್ಲ.

ಗಾಳಿಗೆ ಟೇಪು ಗುಂಯ್ ಅಂತಿತ್ತು.
ಗ್ರಾಮ ಸಹಾಯಕ ಬೀಡಿ ಹಚ್ಚಲು ಗೀರಿದ ಕಡ್ಡಿಯನ್ನು
ಹಾಗೇ ಆರಿಸಿದ.
ಆ ರಾತ್ರಿ ಇವಳು ಮಕ್ಕಳನ್ನು ಎಳೆದುಕೊಂಡು
ಹಿಂದಿನ ಗೋಡೆಯನ್ನು ಒನಕೆಯಿಂದ ಒಡೆದು ಬಂದದ್ದು
ಎಫ್‌ಐಆರ್‌ನಲ್ಲಿದೆ; ಯಾಕೆ ಎಂಬುದು ಇಲ್ಲ.
ಸಣ್ಣಹೊನ್ನಮ್ಮ ಕೂತಲ್ಲಿಂದಲೇ ಅಂದಳು,
‘ದಿಟ ಸಾ. ಎಡಕ್ಕೇ ಇತ್ತು. ಬರಕೊಳ್ಳಿ.’

ಚಿಲಕಕ್ಕೆ ಕಾಲಂ ಇಲ್ಲ.
ಕೊನೆಯಲ್ಲಿ ಷರಾ ಅಂತ ಅರ್ಧ ಗೇಣು ಜಾಗ ಇರುತ್ತೆ,
ಇಷ್ಟು ವರ್ಷ ‘ಏನೂ ಇಲ್ಲ’ ಅಂತ ಬರೆದಿದ್ದೆ ಅಲ್ಲಿ.
ಈ ಸಲ ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ,
ಓದಿ ಹೇಳಿದೆ.
ಸಹಿ ಹಾಕಿದ. ಹಾಕದೆ ಇರಲು
ಬದುವಿನಾಚೆ ಹತ್ತೊಂಬತ್ತು ಮನೆಯ ಕಣ್ಣು.

ಟ್ರ್ಯಾಕ್ಟರು ಎಲ್ಲೆಕಲ್ಲು ಇಳಿಸುವಾಗ
ಹೊಸ ಮನೆಯ ನಕ್ಷೆ ಬಿಚ್ಚಿ ತೋರಿಸಿದೆ ಅವಳಿಗೆ:
ಒಂದು ಹಾಲು, ಒಂದು ಅಡುಗೆಮನೆ, ಒಂದು ಬಾಗಿಲು.
ಬೆರಳಿಟ್ಟಳು, ಬೂದಿಯ ಗುರುತು ಬಿತ್ತು.
‘ಇಲ್ಲಿ ಹಿಂದೆ ಇನ್ನೊಂದು ಬಾಗ್ಲು ಮಡಗಿ ಸಾ.
ಚಿಲಕ ಒಳಗೇ ಇರ್ಲಿ.’

ನೆಲ ಅಳೆಯುವುದಷ್ಟೇ ನನ್ನ ಕೆಲಸವವ್ವ ಅಂದೆ.
ಅಂದು, ಪೆನ್ಸಿಲಿನಲ್ಲಿ
ಆ ಬೂದಿಯ ಸುತ್ತ ಒಂದು ಗೆರೆ ಎಳೆದೆ.